ಮೇಲ್ಮೈಯ ಬೇಟೆಗಾರ: ಆಫ್ರಿಕನ್ ಬಟರ್‌ಫ್ಲೈ ಮೀನು ಸಾಕುವುದು ಹೇಗೆ?

ಒಣಗಿದ ಎಲೆಯೊಂದು ನೀರಿನ ಮೇಲೆ ತೇಲುತ್ತಿದೆಯೇನೋ ಅನ್ನಿಸುತ್ತದೆ. ಕಂದು ಬಣ್ಣ, ಅಗಲವಾಗಿ ಹರಡಿದ ರೆಕ್ಕೆ, ಮೇಲಕ್ಕೆ ತಿರುಗಿದ ಬಾಯಿ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಈ ಮೀನು ನೈಜರ್, ಕಾಂಗೊ ನದಿಗಳ ನಿಧಾನವಾಗಿ ಹರಿಯುವ ಜಾಗಗಳಲ್ಲಿ ಬದುಕುತ್ತದೆ. ಬೆಳೆದರೆ 10–12 ಸೆಂ.ಮೀ. ಅಷ್ಟೇ. ನೀರಿಗೆ ಬಿದ್ದ ಹುಳುಗಳೇ ಇದರ ಮುಖ್ಯ ಊಟ. ಇದು ಇರುವುದೆಲ್ಲ ಮೇಲ್ಮೈಯಲ್ಲೇ ಅಲ್ವಾ? ಹಾಗಾಗಿ ತೊಟ್ಟಿಯ ತಯಾರಿಯೂ ಮೇಲಿನಿಂದಲೇ ಶುರುವಾಗಲಿ.

ತೊಟ್ಟಿಗೆ ಎತ್ತರಕ್ಕಿಂತ ಅಗಲ ಮುಖ್ಯ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಇದ್ದರೆ ಒಳ್ಳೆಯದು. ನೀರು ಒಂದಡಿ ಸಾಕು. ಮೇಲೆ ನಾಲ್ಕೈದು ಇಂಚು ಖಾಲಿ ಬಿಟ್ಟು ಮುಚ್ಚಳ ಹಾಕಿ. ಗಾಬರಿಯಾದರೆ ಈ ಮೀನು ಚಂಗನೆ ಹಾರುತ್ತದೆ. ಪೈಪು, ವೈರು ಇಳಿಬಿಟ್ಟ ಸಂದಿಗೂ ಸ್ಪಂಜು ತುರುಕಿ.

ನೀರು 25–28 ಡಿಗ್ರಿ ಸೆಲ್ಸಿಯಸ್, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 6ರಿಂದ 7 ಇರಲಿ. ಗಡಸು ಬೋರ್‌ವೆಲ್ ನೀರಾದರೆ ಆರ್‌ಒ ನೀರು ಬೆರೆಸಿ. ಮೇಲ್ಮೈ ಕಲಕುವ ಪವರ್ ಫಿಲ್ಟರ್ ಬೇಡ, ಸ್ಪಂಜ್ ಫಿಲ್ಟರ್ ಸಾಕು. ಅರ್ಧ ಭಾಗಕ್ಕೆ ಅಂತರಗಂಗೆ ಬಿಡಿ. ಅದರ ಬೇರಿನ ನಡುವೆ ಮೀನು ಅಡಗುತ್ತದೆ. ಉಳಿದರ್ಧ ಬೇಟೆಗೆ ತೆರೆದಿರಲಿ. ಗಿಡ ಜಾಸ್ತಿಯಾದರೆ ಒಣಗಿಸಿ ಗೊಬ್ಬರ ಮಾಡಿ. ದಯವಿಟ್ಟು ಕೆರೆಗೆ ಎಸೆಯಬೇಡಿ.

ಊಟ ಹಾಕುವ ಹೊತ್ತನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ! ಚಿಮುಟದಲ್ಲಿ ಪುಟ್ಟ ಮಿಡತೆಯೊಂದನ್ನು ನೀರಿನ ಮೇಲೆ ಬಿಡಿ. ಮಿಡತೆ ಕಾಲಾಡಿಸುತ್ತದೆ, ಸಣ್ಣ ಅಲೆ ಏಳುತ್ತದೆ. ಮೀನು ಮೆಲ್ಲಗೆ ಆ ಕಡೆ ತಿರುಗುತ್ತದೆ. ಹೊಟ್ಟೆಯಡಿಯ ದಾರದಂಥ ಎಳೆಗಳು ಸುಮ್ನೆ ಇಳಿಬಿದ್ದಿರುತ್ತವೆ. ಮರುಗಳಿಗೆಯಲ್ಲೇ ಫಟ್ ಅಂತ ಸದ್ದು, ಮಿಡತೆ ಮಾಯ. ನೊಣ, ಮೀಲ್‌ವರ್ಮ್ ಹುಳು ಕೂಡ ಕೊಡಬಹುದು. ಔಷಧಿ ಹೊಡೆದ ತೋಟದ ಹುಳು ಬೇಡವೇ ಬೇಡ. ತಳಕ್ಕಿಳಿದ ಆಹಾರವನ್ನು ಇದು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಕೊಳೆಯುವ ಮೊದಲೇ ತೆಗೆಯಿರಿ.

ಜೊತೆಗೆ ಗಪ್ಪಿ, ನಿಯಾನ್ ಟೆಟ್ರಾದಂಥ ಪುಟ್ಟ ಮೀನುಗಳನ್ನು ಹಾಕಿದರೆ ನುಂಗಿಬಿಡುತ್ತದೆ. ಟೈಗರ್ ಬಾರ್ಬ್ ಮೀನು ಹಾಕಿದರೆ ಅದೇ ಇದರ ಎಳೆಗಳನ್ನು ಕಚ್ಚಿ ಹರಿಯುತ್ತದೆ. ತಳದಲ್ಲಿರುವ ಕೋರಿಡೋರಾಸ್ ಮೀನು ಹೊಂದುತ್ತದೆ.

ಮರಿ ಮಾಡಿಸುವ ಆಸೆಯಿದ್ದರೆ ಹೊಟ್ಟೆಯ ಹಿಂಭಾಗದ ರೆಕ್ಕೆ ನೋಡಿ. ಅಂಚು ನೇರವಾಗಿದ್ದರೆ ಹೆಣ್ಣು, ಒಳಕ್ಕೆ ಬಾಗಿದ್ದರೆ ಗಂಡು. ಮೊಟ್ಟೆಗಳು ತೇಲುತ್ತವೆ, ಚಮಚದಲ್ಲಿ ಎತ್ತಿ ಬೇರೆ ತೊಟ್ಟಿಗೆ ಹಾಕಿ. ಕಷ್ಟ ಇರುವುದು ಆಮೇಲೆ. ಮರಿಗಳಿಗೂ ಆಹಾರ ಮೇಲ್ಮೈಯಲ್ಲೇ ಸಿಗಬೇಕು, ಅದೂ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜೀವಿಗಳೇ ಆಗಬೇಕು. ಅದನ್ನು ಮೊದಲು ಹೊಂದಿಸಿಕೊಂಡೇ ಈ ಕೆಲಸಕ್ಕೆ ಇಳಿಯಿರಿ.