ಎರಡು ಎಪಿಸೋಡ್, ಒಂಬತ್ತು ಚೀಟಿ

ಹಾಸನದಲ್ಲಿ ಸಾಲಗಾಮೆ ರಸ್ತೆ ಕಡೆ ನಮ್ಮನೆ. ಸಂಜೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಸೈನ್ಸ್ ಟ್ಯೂಷನ್ ಹೇಳ್ಕೊಡ್ತೀನಿ, ಅದು ಬಿಟ್ರೆ ನನಗಿರೋ ದೊಡ್ಡ ಹುಚ್ಚು ಅಂದ್ರೆ ಸೈನ್ಸ್ ಫಿಕ್ಷನ್. ಒಬ್ಳೇ ನೋಡಿ ಒಬ್ಳೇ ಖುಷಿ ಪಟ್ಟು ಸಾಕಾಗಿತ್ತು, ಹಂಗಾಗಿ 2024ರ ಮಾರ್ಚ್ 21ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ‘ತ್ರೀ ಬಾಡಿ ಪ್ರಾಬ್ಲಮ್’ ಎಂಟೂ ಎಪಿಸೋಡ್ ಒಟ್ಟಿಗೆ ಬಂದಾಗ ಈ ಸಲ ಮನೆಯೋರು ನೆಂಟರು ಅಕ್ಕಪಕ್ಕದೋರು ಎಲ್ರನ್ನೂ ಕೂರಿಸ್ಕೊಂಡು ನೋಡ್ಬೇಕು, ಅವರಿಗೆ ನಿಜವಾಗ್ಲೂ ಏನನ್ಸುತ್ತೆ ತಿಳ್ಕೋಬೇಕು ಅಂತ ಮನಸ್ಸು ಮಾಡ್ದೆ. ಟ್ಯೂಷನ್ ಮಕ್ಕಳನ್ನ ಕರೀಲಿಲ್ಲ, ರಕ್ತಪಾತ ಜಾಸ್ತಿ ಇದೆ, ದೊಡ್ಡೋರು ನೋಡೋ ಸೀರೀಸ್ ಅದು.

ಮೊದಲನೇ ಸಲ ಎಡವಿದೆ. ಏಪ್ರಿಲ್‌ನಲ್ಲಿ ನಮ್ಮನೆಯವರ ಕಡೆ ನೆಂಟರು ಬಂದಿದ್ರು, ಆರು ಜನ. ಊಟ ಆದ್ಮೇಲೆ ಏನೂ ಹೇಳ್ದೆ ಮೊದಲ ಎಪಿಸೋಡ್ ಹಾಕ್ದೆ. ಕಥೆ ಶುರುವಾಗೋದೇ 1966ರ ಚೀನಾದಲ್ಲಿ, ಸಾಂಸ್ಕೃತಿಕ ಕ್ರಾಂತಿ ಅಂತಾರಲ್ಲ ಆ ಟೈಮು, ಒಬ್ಬ ಫಿಸಿಕ್ಸ್ ಮೇಷ್ಟ್ರನ್ನ ವೇದಿಕೆ ಮೇಲೆ ನಿಲ್ಲಿಸಿ ಅಷ್ಟು ಜನರ ಮುಂದೆ ಹೊಡೆದು ಸಾಯಿಸ್ತಾರೆ, ಐನ್‌ಸ್ಟೀನ್ ಪಾಠ ಮಾಡಿದ್ದು ತಪ್ಪು ಅಂತ, ಗುಂಪಿನೊಳಗೆ ನಿಂತ್ಕೊಂಡು ಮಗಳು ನೋಡ್ತಿರ್ತಾಳೆ. ಅಲ್ಲಿಂದ ಸೀದಾ ಇವತ್ತಿನ ಲಂಡನ್. ಎಪಿಸೋಡ್ ಮುಗೀತಿದ್ದಂಗೆ ಭಾವ ಎದ್ದು ‘ತಲೆ ಬುಡ ಇಲ್ಲ ಕಣಮ್ಮ ಇದಕ್ಕೆ’ ಅಂದ್ರು. ಅಷ್ಟೇ, ಉಳಿದವರೆಲ್ಲ ಹೌದು ಹೌದು ಅಂತ ಎದ್ರು, ಟಿವಿಯಲ್ಲಿ ಕ್ರಿಕೆಟ್ ಬಂತು. ನನಗೆ ತುಂಬಾ ಬೇಜಾರಾಯ್ತು. ಆಮೇಲೆ ಅಡುಗೆಮನೆಯಲ್ಲಿ ಲೋಟ ತೊಳೀತಾ ಓರಗಿತ್ತಿ ಅಕ್ಕ ಮೆಲ್ಲಗೆ ಕೇಳಿದ್ರು, ‘ಆ ಹುಡುಗಿ ಕಥೆ ಮುಂದೇನಾಗುತ್ತೆ?’ ಅವರಿಗೆ ಹಿಡಿಸಿತ್ತು! ಹೇಳೋಕೆ ಜಾಗ ಸಿಕ್ಕಿರಲಿಲ್ಲ. ಭಾವಂದೂ ಸುಳ್ಳಲ್ಲ, ಅವರಿಗೆ ಅರ್ಥ ಆಗ್ಲಿಲ್ಲ ಅನ್ನೋದು ನಿಜ, ಆದ್ರೆ ‘ಅರ್ಥ ಆಗ್ಲಿಲ್ಲ’ ಅನ್ನೋದು ಹಾಲ್ ತುಂಬಾ ಓಡಾಡಿ ಐದು ನಿಮಿಷದಲ್ಲಿ ‘ಚೆನ್ನಾಗಿಲ್ಲ’ ಆಗ್ಬಿಡ್ತು.

ಅವತ್ತೇ ತೀರ್ಮಾನ ಮಾಡ್ದೆ, ಮುಂದಿನ ಸಲ ಬಾಯಿ ಬಿಡೋಕೆ ಮುಂಚೆ ಎಲ್ರೂ ಬರೀಬೇಕು. ಮೇ ತಿಂಗಳ ಎರಡನೇ ಶನಿವಾರ, ಬ್ಯಾಂಕ್ ರಜ ಅಂತ ಬ್ಯಾಂಕಲ್ಲಿರೋ ನನ್ನ ಫ್ರೆಂಡೂ ಬಂದ್ಲು, ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರೋ ಚಿಕ್ಕಪ್ಪ, ಎದುರುಮನೆ ಆಂಟಿ, ಇಂಜಿನಿಯರಿಂಗ್ ಕೊನೇ ವರ್ಷ ಓದೋ ನನ್ನ ತಮ್ಮ, ಅವನ ಮೂರು ಜನ ಸ್ನೇಹಿತರು, ನಮ್ಮನೆಯವರು, ನಮ್ಮಮ್ಮ, ಒಟ್ಟು ಒಂಬತ್ತು ಜನ. ಹಳೇ ಕ್ಯಾಲೆಂಡರ್ ಹಾಳೆ ಹಿಂಬದಿ ಚೀಟಿ ಕತ್ತರಿಸಿ ಒಂದೊಂದು ಪೆನ್ ಜೊತೆ ಕೊಟ್ಟೆ. ಒಂದಲ್ಲ, ಎರಡು ಎಪಿಸೋಡ್ ತೋರಿಸೋದು ಅಂತಾನೂ ಮಾಡ್ದೆ, ಯಾಕಂದ್ರೆ ಮೊದಲನೇದು ಬರೀ ಪ್ರಶ್ನೆ ಇಡುತ್ತೆ, ಎರಡನೇದರ ಕೊನೆಯಲ್ಲಿ ಆ ಮೇಷ್ಟ್ರ ಮಗಳು ಯೆ ವೆನ್‌ಜಿಯೆ ಮಾಡೋ ಒಂದು ಕೆಲಸದಿಂದಾನೇ ಕಥೆ ನಿಜವಾಗ್ಲೂ ತೆರ್ಕೊಳ್ಳೋದು.

ಭಾಷೆ ತೊಂದರೆ ಇತ್ತು. ಇಂಗ್ಲಿಷ್‌ನಲ್ಲಿ ಹಾಕಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇಟ್ಟು, ಐದಾರು ಕಡೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಕಥೆ ಹೇಳ್ಲಿಲ್ಲ, ಯಾರು ಯಾರಿಗೆ ಏನಾಗ್ಬೇಕು ಅಷ್ಟೇ ಹೇಳಿದ್ದು.

ಶುರು ಮಾಡೋಕೆ ಮುಂಚೆ ಇಪ್ಪತ್ತು ನಿಮಿಷ ಹೆಸರಿನ ಬಗ್ಗೆ ಮಾತಾಡ್ದೆ. ‘ಮೂರು ಬಾಡಿ ಅಂದ್ರೆ ಮೂರು ಹೆಣಾನಾ?’ ಅಂತ ಅಮ್ಮ ಕೇಳಿದ್ರು, ಹಂಗಾಗಿ ಇದು ಬೇಕೇ ಬೇಕಿತ್ತು. ಚಿಕ್ಕಪ್ಪ ಅಂಗಡಿಯಿಂದ ಹಳೇ ಲೌಡ್‌ಸ್ಪೀಕರ್‌ದು ಮೂರು ಮ್ಯಾಗ್ನೆಟ್ ತಂದಿದ್ರು, ರಿಂಗ್ ಥರ ಇರ್ತವಲ್ಲ ಅವು. ಬಾಗಿಲ ಮೇಲೆ ತೋರಣ ಕಟ್ಟೋ ಮೊಳೆಗೆ ದಾರ ಕಟ್ಟಿ ತುದಿಗೊಂದು ಕಬ್ಬಿಣದ ನಟ್ ಇಳಿಬಿಟ್ಟೆ, ಕೆಳಗೆ ಪ್ಲೈವುಡ್ ತುಂಡಿನ ಮೇಲೆ ಮೂರು ಮ್ಯಾಗ್ನೆಟ್ ತ್ರಿಕೋನಾಕಾರ ಇಟ್ಟೆ, ನಟ್‌ಗೂ ಮ್ಯಾಗ್ನೆಟ್‌ಗೂ ಎರಡು ಬೆರಳಷ್ಟು ಅಂತರ. ಆಂಟಿಗೆ ಹೇಳಿದೆ, ಈ ಗೋಡೆಗೆ ಪೆನ್ಸಿಲ್ ಗುರುತು ಹಾಕಿದೀನಿ, ಪ್ರತಿ ಸಲ ಇಲ್ಲಿಗೇ ಎಳೆದು ಬಿಡಿ. ಮೊದಲ ಸಲ ನಟ್ ಓಲಾಡಿ ಓಲಾಡಿ ಎಡಗಡೆ ಮ್ಯಾಗ್ನೆಟ್ ಮೇಲೆ ನಿಲ್ತು. ಎರಡನೇ ಸಲ ಅದೇ ಗುರುತಿಂದ ಬಿಟ್ರು, ಬಲಗಡೆ. ಮೂರನೇ ಸಲ ಮತ್ತೆ ಎಡಗಡೆ, ಆದ್ರೆ ಬೇರೇನೇ ದಾರಿ ಹಿಡ್ಕೊಂಡು. ಆಂಟಿ ಹಟ ಹಿಡಿದು ಹತ್ತು ಸಲ ಬಿಟ್ರು, ಉಸಿರು ಬಿಗಿ ಹಿಡ್ಕೊಂಡು, ಎರಡೂ ಕೈಯಲ್ಲಿ ನಟ್ ಹಿಡ್ಕೊಂಡು, ಏನು ಮಾಡಿದ್ರೂ ಮುಂಚೆನೇ ಹೇಳೋಕಾಗ್ಲಿಲ್ಲ. ಇದು ಮ್ಯಾಗ್ನೆಟ್ ಆಟ, ಗುರುತ್ವ ಅಲ್ಲ, ಆದ್ರೆ ಗುಣ ಒಂದೇ: ಶುರುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆದ್ರೂ ಕೊನೆಗೆ ಎಲ್ಲಿಗೋ ಹೋಗುತ್ತೆ. ಎರಡು ಕಾಯ ಒಂದನ್ನೊಂದು ಸುತ್ತೋದರ ಲೆಕ್ಕನ ನ್ಯೂಟನ್ 1687ರಲ್ಲೇ ಬಿಡಿಸಿಟ್ಟಿದ್ದ, ಮೂರನೇದು ಬಂದು ಸೇರಿದ್ರೆ ಎಲ್ಲಾ ಸಂದರ್ಭಕ್ಕೂ ಕೂತ್ಕೊಳ್ಳೋ ಸೂತ್ರ ಸಿಗಲ್ಲ. ಇಂಥದೇ ಲೆಕ್ಕಕ್ಕೆ ಅಂತ ಸ್ವೀಡನ್ ರಾಜ ಎರಡನೇ ಆಸ್ಕರ್ ಇಟ್ಟಿದ್ದ ಬಹುಮಾನ ಫ್ರಾನ್ಸಿನ ಗಣಿತಜ್ಞ ಪ್ವಾಂಕರೆಗೆ 1889ರಲ್ಲಿ ಬಂತು, ಪ್ರಿಂಟ್ ಆಗೋ ಹೊತ್ತಿಗೆ ಅವನ ಲೆಕ್ಕದಲ್ಲೇ ತಪ್ಪು ಕಾಣಿಸ್ತು, ಆ ತಪ್ಪು ತಿದ್ದೋಕೆ ಹೋಗೇ ಅವನಿಗೆ ಈ ಗೊಂದಲದ ಸ್ವಭಾವ ಕಂಡಿದ್ದು. ಕಥೇಲಿ ಆ ಮೂರು ಕಾಯ ಅಂದ್ರೆ ಬೇರೊಂದು ಲೋಕದ ಮೂರು ಸೂರ್ಯ ಅಂದೆ. ಚಿಕ್ಕಪ್ಪ ನಟ್ ನೋಡ್ತಾನೇ ಕೇಳಿದ್ರು, ‘ಮೂರು ಸೂರ್ಯ ಹಿಂಗೆ ಆಡಿದ್ರೆ ಅಲ್ಲಿರೋರು ಬೆಳೆ ಇಡೋದು ಯಾವಾಗ?’ ಆ ಸೀರೀಸ್‌ನ ಬೇರು ಇರೋದೇ ಈ ಪ್ರಶ್ನೇಲಿ, ನಾನಿನ್ನೂ ಟಿವಿ ಆನ್ ಮಾಡಿರಲಿಲ್ಲ.

ಕಾಫಿ, ನಿಪ್ಪಟ್ಟು, ಮಧ್ಯ ಒಂದ್ಸಲ ಕರೆಂಟ್ ಹೋಗಿ ಬಂತು. ಎರಡು ಎಪಿಸೋಡ್ ಮುಗಿದ ತಕ್ಷಣ ಲೈಟ್ ಹಾಕಿ ಮೂರು ನಿಮಿಷ ಯಾರೂ ಮಾತಾಡ್ಬಾರದು, ಏನನ್ಸಿದ್ಯೋ ಬರೀರಿ, ಇಷ್ಟ ಆಗ್ಲಿಲ್ಲ ಅಂದ್ರೆ ಯಾವ ಜಾಗದಲ್ಲಿ ಅಂತ ಬರೀರಿ ಅಂದೆ. ಆ ‘ಯಾವ ಜಾಗದಲ್ಲಿ’ ಅನ್ನೋದು ಕೇಳದೇ ಹೋಗಿದ್ರೆ ಚೀಟಿಯಿಂದ ಏನೂ ಸಿಗ್ತಿರಲಿಲ್ಲ ಅಂತ ಈಗ ಅನ್ಸುತ್ತೆ.

ನಾಲ್ಕು ಜನಕ್ಕೆ ಇಷ್ಟ, ಮೂರು ಜನಕ್ಕೆ ಇಲ್ಲ, ಇಬ್ಬರು ಗೊತ್ತಿಲ್ಲ ಅಂತ ಬರೆದಿದ್ರು. ಆದ್ರೆ ಒಳಗೆ ಓದಿದ್ರೆ ಬೇರೇನೇ. ನನ್ನ ತಮ್ಮ ಈ ಸೀರೀಸ್‌ನ ಮೂಲ ಪುಸ್ತಕ ಓದ್ಕೊಂಡವನು, ಲಿಯು ಸಿಷಿನ್ ಅವರ ಕಾದಂಬರಿ, ಇಂಗ್ಲಿಷ್ ಅನುವಾದಕ್ಕೆ 2015ರಲ್ಲಿ ಸೈನ್ಸ್ ಫಿಕ್ಷನ್‌ಗೆ ಕೊಡೋ ಹ್ಯೂಗೋ ಪ್ರಶಸ್ತಿ ಬಂದಿದ್ದು. ಅವನ ಚೀಟಿಯಲ್ಲಿ ‘ಪುಸ್ತಕದಲ್ಲಿ ಚೀನಾದ ಒಬ್ಬ ವಿಜ್ಞಾನಿ ಇದ್ದ, ಇಲ್ಲಿ ಅವನನ್ನ ಐದು ಜನ ಸ್ನೇಹಿತರಾಗಿ ಹಂಚಿ ಲಂಡನ್‌ಗೆ ಹಾಕಿದಾರೆ’ ಅಂತ ಸಿಟ್ಟು. ಅವನ ಸ್ನೇಹಿತನೊಬ್ಬ, ಪುಸ್ತಕ ಮುಟ್ಟದವನು, ಅದೇ ಐದು ಜನದ ಸ್ನೇಹಾನೇ ಚೆನ್ನಾಗಿದೆ ಅಂತ ಬರೆದಿದ್ದ. ಇನ್ನೊಬ್ಬನಿಗೆ ಸೀರೀಸ್ ಮೇಲೆ ದೂರೇ ಇರಲಿಲ್ಲ, ‘ಗೇಮ್ ಆಫ್ ಥ್ರೋನ್ಸ್ ಮಾಡಿದ ಇಬ್ಬರೂ ಇದ್ರಲ್ಲಿದಾರೆ, ಕೊನೇ ಸೀಸನ್ ಥರ ಮಾಡ್ಬಿಟ್ರೆ?’ ಅಂತ ಹಳೇ ನೋವು. ಬ್ಯಾಂಕ್ ಫ್ರೆಂಡ್ ಬರೆದಿದ್ದು ‘ಯಾರ ಮೇಲೆ ಮನಸ್ಸಿಡ್ಲಿ ಅಂತ ಗೊತ್ತಾಗೋಷ್ಟ್ರಲ್ಲಿ ಮುಗೀತು’. ಇದನ್ನ ನಾನು ಒಪ್ತೀನಿ, ಮೊದಲ ಎಪಿಸೋಡ್‌ಗೆ ಆತುರ ಜಾಸ್ತಿ, ಲಂಡನ್ ಭಾಗದಲ್ಲಿ ಒಬ್ಬರ ಹತ್ರಾನೂ ಎರಡು ನಿಮಿಷ ನಿಲ್ಲಲ್ಲ.

ಆಂಟಿ ಚೀಟಿ ಇನ್ನೂ ನನ್ನ ಪರ್ಸ್‌ನಲ್ಲಿದೆ. ದುಂಡಗಿನ ಅಕ್ಷರದಲ್ಲಿ ಎರಡೇ ಸಾಲು: ‘ಸೈನ್ಸ್ ಅರ್ಥ ಆಗಿಲ್ಲ. ಅಪ್ಪನ್ನ ಕಣ್ಮುಂದೆ ಕೊಂದ್ರು, ಅವಳು ಇನ್ನು ಮನುಷ್ಯರನ್ನ ನಂಬಲ್ಲ, ಅದಕ್ಕೇ ಬೇರೆಯವರನ್ನ ಕರೀತಾಳೆ.’ ಪುಸ್ತಕ ಓದಿದ ನನ್ನ ತಮ್ಮನೂ ಇಷ್ಟು ಚುಟುಕಾಗಿ ಹೇಳಿರಲಿಲ್ಲ. ದೂರದಿಂದ ‘ಉತ್ತರ ಕೊಡಬೇಡಿ’ ಅಂತ ಎಚ್ಚರಿಕೆ ಬಂದ್ರೂ ಅವಳು ಯಾಕೆ ಉತ್ತರ ಕೊಟ್ಟಳು ಅನ್ನೋದಕ್ಕೆ ಆಂಟಿ ಹತ್ರ ಕಾರಣ ಇತ್ತು, ಇಷ್ಟಾದ್ರೂ ‘ಇಷ್ಟ ಆಯ್ತಾ’ ಅನ್ನೋ ಜಾಗದಲ್ಲಿ ಅವರು ಹಾಕಿದ್ದು ‘ಗೊತ್ತಿಲ್ಲ’.

ಚಿಕ್ಕಪ್ಪಂದು ‘ಇಲ್ಲ’ ಗುಂಪು. ಅವರಿಗೆ ಹಿಡಿಸಿದ್ದು ಯೆ ವೆನ್‌ಜಿಯೆ ಸಿಗ್ನಲ್ ಕಳಿಸೋ, ಬೆಟ್ಟದ ಮೇಲಿನ ಆ ದೊಡ್ಡ ಡಿಶ್ ಮಾತ್ರ. ನಮ್ಮೂರೋರಿಗೆ ಡಿಶ್ ಹೊಸದಲ್ಲ, ಇಸ್ರೋದ ಎಂಸಿಎಫ್, ಅಂದ್ರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರೋದು ಇದೇ ರಸ್ತೇಲಿ, 1982ರಿಂದ ಉಪಗ್ರಹಗಳನ್ನ ಇಲ್ಲಿಂದಾನೇ ನೋಡ್ಕೊಳ್ತಿದಾರೆ. ಇನ್ಸಾಟ್-1ಎ ಆ ವರ್ಷ ಏಪ್ರಿಲ್‌ನಲ್ಲಿ ಹಾರಿ ಸೆಪ್ಟೆಂಬರ್‌ಗೇ ಕೈಕೊಟ್ಟಿದ್ದು, ಮಾರನೇ ವರ್ಷ 1ಬಿ ಹೋಗಿ ನಿಂತಿದ್ದು ಎಲ್ಲಾ ಚಿಕ್ಕಪ್ಪಂಗೆ ನೆನಪಿದೆ. ಅವರ ತಕರಾರು ಆಕಾಶ ಮಿಟುಕೋ ಸೀನ್ ಮೇಲೆ, ಅಂದ್ರೆ ರಾತ್ರಿ ಎಲ್ಲಾ ನಕ್ಷತ್ರ ಒಟ್ಟಿಗೆ ಆರಿ ಹತ್ತುತ್ವಲ್ಲ ಅದು, ಅದು ಸುಳ್ಳು ಅಂತ ಬರೆದಿದ್ರು. ಚೀಟಿ ಓದಿದ್ಮೇಲೆ ‘ಯಾಕೆ ಸುಳ್ಳು ಚಿಕ್ಕಪ್ಪ?’ ಅಂದೆ. ‘ಅಲ್ಲಮ್ಮ, ಒಂದೊಂದು ನಕ್ಷತ್ರ ಒಂದೊಂದು ದೂರ, ಒಂದರ ಬೆಳಕು ನಾಲ್ಕು ವರ್ಷಕ್ಕೆ ಬಂದ್ರೆ ಇನ್ನೊಂದರದು ಸಾವಿರ ವರ್ಷಕ್ಕೆ, ಎಲ್ಲಾ ಒಂದೇ ಸಲ ಹೆಂಗೆ ಮಿಟುಕ್ತವೆ? ಮಿಟುಕ್ಬೇಕಂದ್ರೆ ಯಾರೋ ಇಲ್ಲೇ, ನಮ್ಮ ಭೂಮಿ ಹತ್ರಾನೇ ಏನೋ ಅಡ್ಡ ಹಿಡೀಬೇಕು’ ಅಂದು ಅಲ್ಲೇ ನಿಲ್ಲಿಸಿದ್ರು. ನಾನು ಬಾಯಿ ಬಿಡ್ಲಿಲ್ಲ. ಕಷ್ಟಪಟ್ಟು ಬಿಡ್ಲಿಲ್ಲ. ಒಂದು ಗಳಿಗೆ ಬಿಟ್ಟು ಅವರೇ ‘ಮುಂದಿಂದು ಯಾವಾಗ ಹಾಕ್ತೀಯ?’ ಅಂದ್ರು.

ತಮ್ಮಂದು ಇನ್ನೊಂದು ಆಕ್ಷೇಪ ಇತ್ತು, ಅದು ಸರಿಯಾದದ್ದೇ. ಆ ಮೂರು ಸೂರ್ಯದ ಲೋಕ ಅಂತ ಪುಸ್ತಕದಲ್ಲಿ ಬರೋ ಆಲ್ಫಾ ಸೆಂಟಾರಿಯಲ್ಲಿ ನಿಜವಾಗ್ಲೂ ಮೂರು ನಕ್ಷತ್ರ ಇದಾವೆ, ಆದ್ರೆ ಎರಡು ಮಾತ್ರ ಸುಮಾರು 80 ವರ್ಷಕ್ಕೊಂದು ಸುತ್ತು ಒಂದನ್ನೊಂದು ಸುತ್ತುತ್ವೆ, ಮೂರನೇ ಪ್ರಾಕ್ಸಿಮಾ ಬಹಳ ದೂರ, ಅದು ಅವೆರಡನ್ನ ಒಂದು ಸುತ್ತು ಬರೋಕೇ 5 ಲಕ್ಷ ವರ್ಷಕ್ಕೂ ಜಾಸ್ತಿ, ಹಂಗಾಗಿ ಅಲ್ಲಿ ಕಥೇಲಿರೋ ಗೊಂದಲ ಇಲ್ಲ. ಹೇಳ್ತಾ ಹೇಳ್ತಾ ಇದೇನು ಕಣ್ಣಿಗೆ ಕಾಣುತ್ತಾ ಅಂತ ಆಂಟಿ ಕೇಳಿದ್ರು, ಮೇ ತಿಂಗಳು, ಹತ್ತೂವರೆ ದಾಟಿತ್ತು, ಸಂಜೆ ಮಳೆ ಬಂದು ಆಕಾಶ ತೊಳೆದಂಗಿತ್ತು. ಎಲ್ರೂ ಟೆರೇಸ್ ಹತ್ತಿದ್ವಿ. ದಕ್ಷಿಣಕ್ಕೆ ಮುಖ ಮಾಡಿ ಕೈ ನೀಟಾಗಿ ಚಾಚಿ, ಮನೆಗಳ ಸಾಲಿನ ಮೇಲೆ ಒಂದೂವರೆ ಮುಷ್ಟಿ ಎತ್ತರ, ಅಲ್ಲಿ ಅಕ್ಕಪಕ್ಕ ಎರಡು ದೊಡ್ಡ ಚುಕ್ಕಿ, ಎಡಗಡೇದೇ ಆಲ್ಫಾ ಸೆಂಟಾರಿ, ಬಲಕ್ಕೆ ಇನ್ನೂ ಸ್ವಲ್ಪ ಹೋದ್ರೆ ಶಿಲುಬೆ ಥರದ ನಾಲ್ಕು ಚುಕ್ಕಿ. ಎಂಸಿಎಫ್‌ನಿಂದ ಉಪಗ್ರಹ ಇರೋ ಸುಮಾರು 36,000 ಕಿಲೋಮೀಟರ್‌ಗೆ ಹೋಗಿ ವಾಪಸ್ ಬರೋಕೆ ಸಿಗ್ನಲ್‌ಗೆ ಕಾಲು ಸೆಕೆಂಡ್ ಸಾಕು, ಆಲ್ಫಾ ಸೆಂಟಾರಿಗೆ ಬರೀ ಹೋಗೋಕೇ ನಾಲ್ಕು ವರ್ಷ ನಾಲ್ಕು ತಿಂಗಳು. ಈಗ ಕಣ್ಣಿಗೆ ಬೀಳ್ತಿರೋದು ಲಾಕ್‌ಡೌನ್‌ಗೂ ಮುಂಚೆ ಹೊರಟ ಬೆಳಕು ಅಂದೆ. ಆಂಟಿ ಬೆರಳು ಮಡಚಿ ಲೆಕ್ಕ ಹಾಕಿ ‘ಹಂಗಾದ್ರೆ ಅಲ್ಲಿಂದ ನೋಡೋರಿಗೆ ನಮ್ ಪುಟ್ಟ ಇನ್ನೂ ಹುಟ್ಟೇ ಇಲ್ಲ’ ಅಂದ್ರು, ಮೂರು ವರ್ಷದ ಮೊಮ್ಮಗ ಎದುರುಮನೇಲಿ ಮಲಗಿದ್ದ.

ಒಂಬತ್ತರಲ್ಲಿ ಆರು ಜನ ಎಂಟನೇ ಎಪಿಸೋಡ್‌ವರೆಗೂ ಬಂದ್ರು, ಅದರಲ್ಲಿ ಇಬ್ಬರು ಮೊದಲ ದಿನ ‘ಇಲ್ಲ’ ಅಂತ ಬರೆದವರು. ಬ್ಯಾಂಕ್ ಫ್ರೆಂಡ್ ನಾಲ್ಕಕ್ಕೇ ನಿಲ್ಲಿಸಿದ್ಲು, ಬಲವಂತ ಮಾಡ್ಲಿಲ್ಲ, ಅವಳು ಬರೆದ ಕಾರಣ ಸರಿ ಇತ್ತು. ಐದನೇ ಎಪಿಸೋಡ್‌ನಲ್ಲಿ ಆಕಾಶ ಮಿಟುಕಿದ್ದರ ಹಿಂದಿನ ಕಾರಣ ಬಂದಾಗ ಚಿಕ್ಕಪ್ಪ ಸೋಫಾದ ತುದಿಗೆ ಬಂದು ಕೂತ್ರು, ನನ್ನ ಕಡೆ ತಿರುಗಿ ‘ನಾನ್ ಹೇಳಿದ್ನಲ್ಲಮ್ಮ!’ ಅಂದ್ರು, ಅವತ್ತಿನ ಅವರ ಮುಖ ನೋಡೋಕೇ ಇಷ್ಟೆಲ್ಲಾ ಮಾಡಿದ್ದು ಅನ್ಸಿತು.

ಓರಗಿತ್ತಿ ಅಕ್ಕ ಮುಂದಿನ ತಿಂಗಳು ಬರ್ತಿದಾರೆ, ಫೋನ್‌ನಲ್ಲಿ ಮೊದಲು ಕೇಳಿದ್ದೇ ಆ ಹುಡುಗಿ ಬಗ್ಗೆ. ಭಾವನ್ನೂ ಕರ್ಕೊಂಡು ಬನ್ನಿ ಅಂದಿದೀನಿ. ಈ ಸಲ ಮೊದಲು ನಟ್, ಮ್ಯಾಗ್ನೆಟ್, ಆಮೇಲೆ ಟಿವಿ. ಚೀಟಿ ಕತ್ತರಿಸಿ ಇಟ್ಟಾಗಿದೆ.