ಮೊದಲು ರಿಪೇರಿಯವರು, ಆಮೇಲೆ ವಾಚು

ಹಳೇ ಆಟೋಮೆಟಿಕ್ ವಾಚು, ಅಂದರೆ ಕೈಯ ಅಲುಗಾಟಕ್ಕೇ ಕೀ ತುಂಬಿಕೊಳ್ಳುವಂಥದು ತಗೋಬೇಕು, ಯಾವುದು ಒಳ್ಳೆಯದು ಅಂತ ಕಾರವಾರದಲ್ಲಿ ಯಾರಾದರೂ ಕೇಳಿದರೆ ನಾನು ಮೊದಲಿಗೆ ಕಂಪನಿ ಹೆಸರು ಹೇಳುವುದಿಲ್ಲ. ನಿಮ್ಮ ಊರಿನ ವಾಚ್ ರಿಪೇರಿಯವರು ವಾಚಿನೊಳಗಿನ ಯಾವ ಮಶಿನ್ ಬಿಚ್ಚಿ ಜೋಡಿಸುತ್ತಾರೆ ಅಂತ ತಿಳಿದುಕೊಂಡು ಬನ್ನಿ ಅನ್ನುತ್ತೇನೆ. ಸೆಲ್ ಹಾಕುವವರು ಎಲ್ಲ ಪೇಟೆಯಲ್ಲೂ ಇದ್ದಾರೆ. ಆಟೋಮೆಟಿಕ್ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಮತ್ತೆ ಸರಿಯಾಗಿ ಕೂರಿಸುವವರು ಕಡಿಮೆ. ಅವರ ಕೈಗೆ ಪರಿಚಯ ಇಲ್ಲದ ವಾಚು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊನೆಗೆ ಅದು ಕಪಾಟಿನೊಳಗೇ ಉಳಿಯುತ್ತದೆ.

ನಮ್ಮ ಕರಾವಳಿಯ ರಿಪೇರಿಯವರಿಗೆ ಮೂರು ಜಾತಿಯ ವಾಚು ಚೆನ್ನಾಗಿ ಗೊತ್ತು. ಸೀಕೋ, ಸಿಟಿಜನ್, ಎಚ್‌ಎಂಟಿ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಭಟ್ಕಳ, ಹೊನ್ನಾವರ, ಕಾರವಾರದ ಎಷ್ಟೋ ಮನೆಯವರು ದುಬೈ, ಮಸ್ಕತ್ ಕಡೆ ದುಡಿಯಲು ಹೋದರು. ಊರಿಗೆ ಬರುವಾಗ ಟೇಪ್ ರೆಕಾರ್ಡರ್ ಜೊತೆ ಒಂದು ಸೀಕೋ 5 ಅಥವಾ ಸಿಟಿಜನ್ ಆಟೋಮೆಟಿಕ್ ಬರುತ್ತಿತ್ತು. ಊರಲ್ಲೇ ಉಳಿದವರಿಗೆ ಮದುವೆಯಲ್ಲಿ ಎಚ್‌ಎಂಟಿ. ಹಾಗಾಗಿ ರಿಪೇರಿಯವರ ಡಬ್ಬಿಯಲ್ಲಿ ಇವೇ ಮೂರರ ಸತ್ತ ವಾಚುಗಳು ತುಂಬಿವೆ. ನಾಳೆ ನಿಮ್ಮ ವಾಚಿಗೆ ಬೇಕಾಗುವ ಚಕ್ರ ಬರುವುದು ಅಲ್ಲಿಂದಲೇ. ಸ್ವಿಸ್ ಹೆಸರಿನ ಹಳೇ ಆಟೋಮೆಟಿಕ್ ಚಂದ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಸಣ್ಣ ಭಾಗಕ್ಕೆ ಮುಂಬೈವರೆಗೆ ಫೋನು ಮಾಡುತ್ತಾ ಕೂರುವ ತಾಳ್ಮೆ ನನಗಿಲ್ಲ.

ನನ್ನ ಲೆಕ್ಕ ಐದು ಸಾವಿರದ ಒಳಗೆ. ಅದರಲ್ಲಿ ಸುಮಾರು ಸಾವಿರ ರೂಪಾಯಿ ಸರ್ವಿಸಿಗೆ ಅಂತ ಮೊದಲೇ ಎತ್ತಿಡುತ್ತೇನೆ. 'ಈಗಷ್ಟೇ ಸರ್ವಿಸ್ ಆಗಿದೆ' ಎಂದು ಮಾರುವವರು ಹೇಳುವ ಮಾತನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆಚ್ಚಿನ ಸಲ ಅದು ಮಶಿನನ್ನು ಹಾಗೇ ಪೆಟ್ರೋಲಿನಲ್ಲಿ ಅದ್ದಿ ತೆಗೆದದ್ದು, ಅಷ್ಟೇ. ಒಣಗಿದ ಮೇಲೆ ಒಂದಷ್ಟು ದಿನ ಚೆನ್ನಾಗಿಯೇ ಓಡುತ್ತದೆ. ಎಣ್ಣೆ ಇಲ್ಲದೆ ಚಕ್ರದ ತುದಿಗಳು ಸವೆಯುವುದು ಆಮೇಲೆ ಗೊತ್ತಾಗುತ್ತದೆ.

ಐದು ಸಾವಿರದೊಳಗೆ ಸಿಗುವುದರಲ್ಲಿ ನನಗೆ ಮೊದಲು ಸೀಕೋ 5. ಈ ಸಾಲಿನ ವಾಚು ಶುರುವಾಗಿದ್ದು 1963ರಲ್ಲಿ. 5 ಅಂದರೆ ಐದು ಗುಣ: ಆಟೋಮೆಟಿಕ್, ಒಂದೇ ಕಿಟಕಿಯಲ್ಲಿ ವಾರ ಮತ್ತು ತಾರೀಕು, ನೀರು ತಡೆಯುವ ಕೇಸು, ನಾಲ್ಕು ಗಂಟೆಯ ಹತ್ತಿರ ಒಳಗೆ ಹುದುಗಿದ ಕೀ (ಪಕ್ಕದಲ್ಲಿ ತಿರುಗಿಸುವ ಗುಂಡಿ), ಗಟ್ಟಿಮುಟ್ಟಾದ ಕೇಸು ಮತ್ತು ಚೈನು. ನಮ್ಮ ಕಡೆ ಹೆಚ್ಚು ಸಿಗುವುದು 7009 ಮಶಿನ್‌ನದು. 70ರ ದಶಕದ ಕೊನೆ ಮತ್ತು 80ರ ದಶಕದ ವಾಚುಗಳು, 17 ಜ್ಯುವೆಲ್ (ಚಕ್ರದ ತುದಿ ಸವೆಯದಂತೆ ಕೂರಿಸುವ ಸಣ್ಣ ಕಲ್ಲು). ಆಮೇಲೆ 1996ರಲ್ಲಿ ಬಂದ 7ಎಸ್26, 21 ಜ್ಯುವೆಲ್. ಎರಡೂ ಗಂಟೆಗೆ 21,600 ಸಲ ಬಡಿಯುತ್ತವೆ, ಅಂದರೆ ಸೆಕೆಂಡಿಗೆ ಆರು. ಎರಡಕ್ಕೂ ಕೈಯಿಂದ ಕೀ ಕೊಡಲು ಬರುವುದಿಲ್ಲ. ಕೀ ತಿರುಗಿಸಿ 'ಹಾಳಾಗಿದೆ, ಕಡಿಮೆ ಮಾಡಿ' ಅಂತ ಚೌಕಾಸಿ ಮಾಡಿದವರನ್ನು ನೋಡಿದ್ದೇನೆ. ಮಾರುವವನೂ ಹೌದೇನೋ ಅಂತ ಒಪ್ಪಿಕೊಂಡ! ಇವುಗಳನ್ನು ಮೆಲ್ಲಗೆ ಅಲ್ಲಾಡಿಸಬೇಕು, ಒಳಗಿನ ರೋಟರ್ ಅನ್ನುವ ತೂಕದ ತಟ್ಟೆ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಸೀಕೋದ ಮ್ಯಾಜಿಕ್ ಲಿವರ್ ಇರುವುದರಿಂದ ರೋಟರ್ ಯಾವ ಕಡೆಗೆ ತಿರುಗಿದರೂ ಕೀ ಬೀಳುತ್ತದೆ. 7ಎಸ್26 ಪೂರ್ತಿ ಕೆಟ್ಟರೂ ಚಿಂತೆ ಕಡಿಮೆ. ಅದರ ಜಾಗಕ್ಕೆ ಎನ್‌ಎಚ್36 ಅನ್ನುವ ಹೊಸ ಮಶಿನನ್ನೇ ಕೂರಿಸಬಹುದು, ಅದಕ್ಕೆ ಕೈಯಿಂದಲೂ ಕೀ ಕೊಡಬಹುದು.

ಸೀಕೋದಲ್ಲಿ ನನಗೆ ಇಷ್ಟವಾದ ಇನ್ನೊಂದು ಸಂಗತಿ ಅದರ ಹಿಂದಿನ ಮುಚ್ಚಳ. ಅದನ್ನು ಓದಲು ಕಲಿತರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ. ಎರಡು ಸಂಖ್ಯೆ ಇರುತ್ತವೆ. ಒಂದು 7009-ಇಷ್ಟು ಅಂತ. ಮೊದಲ ನಾಲ್ಕು ಅಂಕಿ ಮಶಿನ್‌ನದು, ಆಮೇಲಿನದು ಕೇಸಿನದು. ಇನ್ನೊಂದು ಆರು ಅಂಕಿಯ ಸೀರಿಯಲ್. ಅದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರಿಗೆ ಓ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಸೀರಿಯಲ್ 78 ಅಂತ ಶುರುವಾದರೆ ಏಳರಲ್ಲಿ ಮುಗಿಯುವ ವರ್ಷದ ಆಗಸ್ಟ್. 1977ರದೋ 1987ರದೋ ಅನ್ನುವುದನ್ನು ಮಶಿನ್ ನೋಡಿ ಅಂದಾಜು ಮಾಡಬೇಕು. ಈಗ ಡಯಲ್ಲಿನ ತಳಕ್ಕೆ, ಆರು ಗಂಟೆಯ ಕೆಳಗೆ ಭೂತಗನ್ನಡಿ ಹಿಡಿಯಿರಿ. ಅಲ್ಲೂ ಕೂದಲೆಳೆಯಷ್ಟು ಸಣ್ಣ ಅಕ್ಷರದಲ್ಲಿ ಅದೇ ನಾಲ್ಕು ಅಂಕಿ ಇರಬೇಕು. ಮುಚ್ಚಳ ತೆಗೆದರೆ ಮಶಿನ್ ಮೇಲೂ ಅದೇ. ಮೂರೂ ಕೂಡಿದರೆ ಮುಂದಿನ ಮಾತು. ಮುಚ್ಚಳದ ಮೇಲೆ 6119, ಒಳಗೆ 7009 ಅಂತಾದರೆ ಅದು ನಾಲ್ಕೈದು ವಾಚು ಸೇರಿಸಿ ಕಟ್ಟಿದ್ದು.

ಹಾಗೆ ಕಟ್ಟಿದ ವಾಚುಗಳು ಈಗ ಎಲ್ಲ ಕಡೆ ತುಂಬಿವೆ. ಕಾರವಾರದ ರವಿವಾರದ ಸಂತೆಗೂ ಒಮ್ಮೊಮ್ಮೆ ಬರುತ್ತವೆ, ಆನ್‌ಲೈನಿನಲ್ಲಂತೂ ಕೇಳುವುದೇ ಬೇಡ. ಮುಂಬೈ ಕಡೆಯಿಂದ ಬರುವ ಮಾಲು. ಗುರುತು ಹಿಡಿಯುವುದು ಕಷ್ಟವಲ್ಲ. ನಲವತ್ತು ವರ್ಷದ ವಾಚಿನ ಡಯಲ್ ಹೊಸ ಸ್ಕೂಟರಿನ ಬಣ್ಣದ ಹಾಗೆ ಮಿಂಚುತ್ತಿರುತ್ತದೆ. ಅಕ್ಷರ ದಪ್ಪ, ಸಾಲು ಸೊಟ್ಟ, ತಳದ ಸಣ್ಣ ಅಂಕಿ ಮಾಯ. ಕೇಸನ್ನು ಉಜ್ಜಿ ಉಜ್ಜಿ ಮೂಲೆಗಳೆಲ್ಲ ಉರುಟಾಗಿರುತ್ತವೆ. ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಓಡುವ ಮಶಿನ್ ಇದ್ದು ಸಾವಿರ ರೂಪಾಯಿಗೆ ಸಿಕ್ಕರೆ ಮಗನಿಗೆ ಕಾಲೇಜಿಗೆ ಕಟ್ಟಿಕೊಂಡು ಹೋಗಲು ಸಾಕು. ಆದರೆ ಅದನ್ನು 'ಹಳೇ ಒರಿಜಿನಲ್' ಅಂತ ಮೂರು ಸಾವಿರಕ್ಕೆ ತಗೊಳ್ಳುವುದು ಯಾಕೆ? ಅದೇ ದುಡ್ಡಿಗೆ ಗೀರು ಬಿದ್ದ, ಡಯಲ್ ಸ್ವಲ್ಪ ಹಳದಿಯಾದ, ಯಾರದೋ ಮನೆಯಲ್ಲಿ ಮಲಗಿದ ಒರಿಜಿನಲ್ ಸಿಗುತ್ತದೆ.

ನನ್ನ ಹೆಚ್ಚಿನ ವಾಚುಗಳು ಬಂದಿದ್ದು ಹಾಗೆ, ಮನೆಗಳಿಂದಲೇ. ಮದುವೆ, ಗೃಹಪ್ರವೇಶ ಅಂತ ಹೋದಾಗ ನನ್ನ ಕೈ ನೋಡಿ ಯಾರಾದರೂ ಮಾತು ತೆಗೆಯುತ್ತಾರೆ. 'ನಮ್ಮ ಅಪ್ಪಂದೂ ಒಂದು ಇತ್ತು ಮಾರಾಯ, ನಿಂತು ಹೋಗಿದೆ' ಅನ್ನುತ್ತಾರೆ. ನಾನು ತಕ್ಷಣ ಬೆಲೆ ಮಾತಾಡುವುದಿಲ್ಲ. ನಿಮಗೆ ಬೇಕಿದ್ದರೆ ರಿಪೇರಿ ಮಾಡಿಸಿ ಕೊಡುತ್ತೇನೆ, ಬೇಡವಾದರೆ ಮಾತ್ರ ನನಗೆ ಹೇಳಿ ಅನ್ನುತ್ತೇನೆ. ಎಷ್ಟೋ ಮಂದಿ ಓಡುವುದನ್ನು ಕಂಡ ಮೇಲೆ ತಾವೇ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳಲಿ, ಅಪ್ಪನ ವಾಚು ಅಲ್ವಾ.

ಸಿಟಿಜನ್ ಆಟೋಮೆಟಿಕ್ ಬಗ್ಗೆ ಒಂದೇ ಮಾತು ಹೇಳುವುದಿದೆ. ಅದರಲ್ಲಿ ಹೆಚ್ಚಾಗಿ ಇರುವುದು 8200 ಸಾಲಿನ ಮಶಿನ್, 21 ಜ್ಯುವೆಲ್. ಇದಕ್ಕೆ ಕೈಯಿಂದಲೂ ಕೀ ಕೊಡಬಹುದು. ರೋಟರ್ ಒಂದೇ ಕಡೆಗೆ ತಿರುಗಿದಾಗ ಕೀ ಬೀಳುತ್ತದೆ, ಇನ್ನೊಂದು ಕಡೆಗೆ ಸುಮ್ನೆ ಗಿರಗಿರ ಸುತ್ತುತ್ತದೆ, ಆ ಸದ್ದು ಕೈಗೆ ಗೊತ್ತಾಗುತ್ತದೆ. ಜೋರಾಗಿ ಅಲುಗಾಡಿದರೆ ಸೆಕೆಂಡಿನ ಮುಳ್ಳು ಒಂದು ಗಳಿಗೆ ತಡವರಿಸಿ ಮತ್ತೆ ಓಡುತ್ತದೆ. ಇವೆರಡೂ ಅದರ ಸ್ವಭಾವ, ದೋಷವಲ್ಲ. ಇದನ್ನು ದೋಷ ಅಂದುಕೊಂಡು ಬಿಟ್ಟುಹೋದವರಿಂದಾಗಿ ನನಗೆ ಒಳ್ಳೆಯ ವಾಚು ಸಿಕ್ಕಿದೆ.

ಎಚ್‌ಎಂಟಿ ವಿಷಯ ಸ್ವಲ್ಪ ಬೇರೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಹಾಯದಿಂದ ಶುರುವಾದ ಕಾರ್ಖಾನೆ. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚಲು ಒಪ್ಪಿದ ಸುದ್ದಿ ಬಂದದ್ದೇ ತಡ, ಹಳೇ ಎಚ್‌ಎಂಟಿಗಳ ಬೆಲೆ ಏರತೊಡಗಿತು. ಎಲ್ಲರ ಬಾಯಲ್ಲಿ ಇರುವ ಜನತಾ, ಪೈಲಟ್ ಎರಡೂ ಆಟೋಮೆಟಿಕ್ ಅಲ್ಲ, ದಿನಾ ಕೀ ಕೊಡುವ ವಾಚು. ಆಟೋಮೆಟಿಕ್ ಬೇಕಾದರೆ ಕಾಂಚನ ಹುಡುಕಬೇಕು. ಒಂದು ಕಾಲದಲ್ಲಿ ಮದುಮಗನಿಗೆ ಕಾಂಚನವೇ ಬೇಕು ಅನ್ನುವಷ್ಟು ಹೆಸರು ಅದಕ್ಕೆ. ಚಿನ್ನದ ಬಣ್ಣ ಇರುವುದರಿಂದ ಕೇಸಿನ ಅಂಚು, ಬೆಲ್ಟು ಸಿಕ್ಕಿಸುವ ಕಿವಿಗಳ ಹಿಂಭಾಗ ನೋಡಿ. ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿದ್ದರೆ ಕರಾವಳಿಯಲ್ಲಿ ಅದು ಬೇಗ ಹಸಿರುಗಟ್ಟುತ್ತದೆ.

ಕೇಸಿನ ಲೋಹವನ್ನು ಮಶಿನ್‌ನಷ್ಟೇ ಗಮನವಿಟ್ಟು ನೋಡಿ. ಹಿಂದೆ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಅಂತ ಬರೆದಿದ್ದರೆ ಖುಷಿಪಡಬೇಡಿ, ಮುಚ್ಚಳ ಮಾತ್ರ ಸ್ಟೀಲು ಅಂತ ಅರ್ಥ. ಉಳಿದದ್ದು ಹೆಚ್ಚಾಗಿ ಕ್ರೋಮ್ ಬಳಿದ ಹಿತ್ತಾಳೆ. ಘಟ್ಟದ ಮೇಲೆ ಶಿರಸಿಯಲ್ಲಿ ಅದು ಹೇಗೋ ಬಾಳುತ್ತದೆ. ಕಾರವಾರದಲ್ಲಿ ಉಪ್ಪಿನ ಗಾಳಿ, ಮೇಲಿಂದ ಬೆವರು. ಚರ್ಮಕ್ಕೆ ತಾಗುವ ಜಾಗದಲ್ಲಿ ಕ್ರೋಮ್ ಎದ್ದು ಸಣ್ಣ ಸಣ್ಣ ಕುಳಿ ಬೀಳುತ್ತದೆ. ಪೂರ್ತಿ ಸ್ಟೀಲಿನ ಸೀಕೋ ಇಲ್ಲಿಗೆ ಹೊಂದುವುದು ಇದಕ್ಕೇ. ಶಿರಸಿಯ ತೊಂದರೆ ಬೇರೆ, ಮಳೆಗಾಲದ ಥಂಡಿ. ತಿಂಗಳುಗಟ್ಟಲೆ ಮುಚ್ಚಿಟ್ಟ ವಾಚಿನ ಡಯಲ್ಲಿಗೆ ಬೂಸ್ಟು ಬಂದು ಚುಕ್ಕಿ ಬೀಳುತ್ತದೆ, ಚರ್ಮದ ಬೆಲ್ಟು ಬೆಳ್ಳಗಾಗುತ್ತದೆ. ಜೂನ್ ಬಂದರೆ ನಾನು ಚರ್ಮದ ಬೆಲ್ಟು ಬಿಚ್ಚಿ ನೈಲಾನ್ ಹಾಕುತ್ತೇನೆ. ಕಟ್ಟದ ವಾಚುಗಳನ್ನು ಸಿಲಿಕಾ ಜೆಲ್ ಪುಡಿಕೆ ಹಾಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ಅಕ್ಕಿ ಡಬ್ಬಿಯಲ್ಲಿ ಇಡಬೇಡಿ, ಅಕ್ಕಿಯ ಧೂಳು ಕೀ ಸಂದಿಗೆ ಹೋಗುತ್ತದೆ. ಇನ್ನು 'ವಾಟರ್ ರೆಸಿಸ್ಟೆಂಟ್' ಅನ್ನುವ ಬರಹ ಅದು ಹೊಸದಿದ್ದಾಗಿನ ಮಾತು. ಒಳಗಿನ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿರುತ್ತದೆ. ಸರ್ವಿಸ್ ಮಾಡಿಸುವಾಗ ಮುಚ್ಚಳದ್ದು, ಕೀದು ಎರಡೂ ರಿಂಗ್ ಬದಲಿಸಿ ಅಂತ ಬಾಯಿಬಿಟ್ಟು ಕೇಳಬೇಕು. ಬದಲಿಸಿದರೂ ಸಮುದ್ರಕ್ಕೆ ಇಳಿಯುವಾಗ ವಾಚು ದಡದಲ್ಲೇ ಇರಲಿ.

ವಾಚು ಕೈಗೆ ಬಂದಾಗ ನಾನು ನೋಡುವ ಕ್ರಮ ಹೀಗೆ. ಮೆಲ್ಲಗೆ ನಾಲ್ಕೈದು ಸಲ ಅಲ್ಲಾಡಿಸುತ್ತೇನೆ. ಸೆಕೆಂಡಿನ ಮುಳ್ಳು ಕೂಡಲೇ ಏಳಬೇಕು. ಎದ್ದು ಅರ್ಧ ನಿಮಿಷಕ್ಕೆ ಮಲಗಿದರೆ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ, ಅದಕ್ಕೆ ಹೆದರುವುದು ಬೇಡ. ಕಿವಿಗೆ ಹಿಡಿದಾಗ ರೋಟರ್ ಕೇಸಿಗೆ ಕೆರೆದ ಸದ್ದು ಬಂದರೆ ಮಾತ್ರ ಬೆಲೆ ಇಳಿಸುತ್ತೇನೆ. ಮುಳ್ಳು ತಿರುಗಿಸಿ ಮಧ್ಯರಾತ್ರಿ ದಾಟಿಸುತ್ತೇನೆ, ತಾರೀಕು ಮತ್ತು ವಾರ ಎರಡೂ ಬದಲಾಗಬೇಕು. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ಮುಳ್ಳಿದ್ದಾಗ ಮುಳ್ಳು ತಿರುಗಿಸದೆ ತಾರೀಕನ್ನಷ್ಟೇ ಬೇಗ ಬದಲಿಸುವ ಕೆಲಸ ಮಾಡಬಾರದು, ಹಲ್ಲು ಮುರಿಯುತ್ತದೆ. ಆಮೇಲೆ ಮುಚ್ಚಳ ತೆಗೆಸುವುದು. ತೆಗೆಯಲು ಒಪ್ಪದವರ ಹತ್ತಿರ ನಾನು ವ್ಯಾಪಾರ ಮಾಡುವುದಿಲ್ಲ. ನಮ್ಮ ರಿಪೇರಿ ಮಾಮ ಒಮ್ಮೆ ಹೇಳಿದ್ದರು, 'ತಮ್ಮಾ, ಮಶಿನ್ ನಡುವೆ ನೋಡಬೇಡ, ಕೀ ಹೋಗುವ ದಾರಿ ನೋಡು.' ನೀರು ಒಳಗೆ ಬರುವುದು ಹೆಚ್ಚಾಗಿ ಆ ದಾರಿಯಿಂದ. ಅಲ್ಲಿ ಕೆಂಪು ತುಕ್ಕು ಕಂಡರೆ ವಾಚು ಓಡುತ್ತಿದ್ದರೂ ಬಿಡಿ.

ಸಮಯದ ಬಗ್ಗೆ ಆಸೆ ಜಾಸ್ತಿ ಬೇಡ. ಸರ್ವಿಸ್ ಆದ ಹಳೇ ಸೀಕೋ ದಿನಕ್ಕೆ ಅರ್ಧ ನಿಮಿಷದೊಳಗೆ ಹೆಚ್ಚುಕಡಿಮೆ ಓಡಿದರೆ ನನಗೆ ಸಾಕು. ಚೆನ್ನಾಗಿದ್ದದ್ದು ಏಕಾಏಕಿ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಮಶಿನ್ ಬಿಚ್ಚಿಸುವ ಮೊದಲು ದಿಕ್ಸೂಚಿ ಪಕ್ಕ ಇಟ್ಟು ನೋಡಿ. ಸೂಜಿ ಅಲುಗಿದರೆ ಸ್ಪೀಕರ್ ಅಥವಾ ಫೋನಿನ ಅಯಸ್ಕಾಂತ ಹಿಡಿದಿರುತ್ತದೆ. ರಿಪೇರಿಯವರ ಹತ್ತಿರ ಅದನ್ನು ಬಿಡಿಸುವ ಸಣ್ಣ ಯಂತ್ರ ಇರುತ್ತದೆ, ಒಂದು ನಿಮಿಷದ ಕೆಲಸ. ದಿನಾ ಕಟ್ಟಿದರೆ ಸಂಜೆ ಬಿಚ್ಚಿಟ್ಟದ್ದು ಬೆಳಿಗ್ಗೆಯೂ ಓಡುತ್ತಿರಬೇಕು. ರಾತ್ರಿಯೇ ನಿಂತರೆ ಸ್ಪ್ರಿಂಗೋ, ರೋಟರಿನ ಲಿವರೋ ಸವೆದಿದೆ. ಎರಡೂ ಡಬ್ಬಿಯ ಹಳೇ 7009ರಲ್ಲಿ ಸಿಗುತ್ತವೆ.

ಇಷ್ಟೆಲ್ಲ ತಲೆನೋವು ಬೇಡ, ಹೊಸದೇ ಬೇಕು ಅನ್ನುವವರೂ ಇದ್ದಾರೆ. 2019ರಲ್ಲಿ ಹೊಸ ರೂಪದಲ್ಲಿ ಬಂದ ಸೀಕೋ 5 ಸ್ಪೋರ್ಟ್ಸ್ ಚೆನ್ನಾಗಿದೆ, 100 ಮೀಟರ್ ನೀರು ತಡೆಯುತ್ತದೆ, ಆದರೆ ಅದು ನನ್ನ ಐದು ಸಾವಿರದ ಲೆಕ್ಕಕ್ಕೆ ತೀರಾ ದೂರ. ಅಂಥವರನ್ನು ನಾನು ಅಂಗಡಿಗೆ ಕಳಿಸುತ್ತೇನೆ. ಮನೆಯ ಕಪಾಟಿನಲ್ಲಿ ಏನಿದೆ ಅಂತ ಒಮ್ಮೆ ನೋಡಿಕೊಂಡು ಹೋಗಿ ಅಂತಲೂ ಹೇಳುತ್ತೇನೆ.