ಬಸುರಿ ಅಂತ ಗೊತ್ತಾಯ್ತಾ? ತಂಬಾಕು ಬಿಡುವುದು ಹೀಗೆ

ಮುಟ್ಟು ನಿಂತು, ಟೆಸ್ಟಿನಲ್ಲಿ ಎರಡು ಗೆರೆ ಕಾಣುವ ಹೊತ್ತಿಗೆ ಮಗುವಿನ ಮುಖ ರೂಪುಗೊಳ್ಳುವ ಕಾಲ ಬಂದಿರುತ್ತದೆ. ತುಟಿ ಕೂಡಿಕೊಳ್ಳುವುದು 4ರಿಂದ 7ನೇ ವಾರದಲ್ಲಿ, ಬಾಯೊಳಗಿನ ಅಂಗುಳ 6ರಿಂದ 9ನೇ ವಾರದಲ್ಲಿ. ಆಗ ತಾಯಿ ಬೀಡಿ, ಸಿಗರೇಟು ಸೇದುತ್ತಿದ್ದರೆ ಸೀಳು ತುಟಿ, ಸೀಳು ಅಂಗುಳದ ಅಪಾಯ ಜಾಸ್ತಿ. ಸೇದಿದವರ ಮಕ್ಕಳಿಗೆಲ್ಲ ಹೀಗಾಗುವುದಿಲ್ಲ, ಸೇದದವರ ಮಕ್ಕಳಿಗೂ ಒಮ್ಮೊಮ್ಮೆ ಆಗುತ್ತದೆ. ಆದರೂ ಮುಖ ಇಷ್ಟು ಬೇಗ ರೂಪುಗೊಳ್ಳುವುದರಿಂದ ಮಗು ಬೇಕು ಅಂದುಕೊಂಡಾಗಲೇ ಬಿಟ್ಟರೆ ಒಳ್ಳೆಯದು.

ಮೊದಲು, ಪೂರ್ತಿ ಬಿಡಿ. ಹತ್ತರ ಬದಲು ಎರಡು ಅನ್ನುವ ಲೆಕ್ಕ ಬೇಡ. 'ಒಮ್ಮೆಲೇ ಬಿಟ್ರೆ ಮಗುವಿಗೆ ತೊಂದ್ರೆ' ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 'ಮಗು ಸಣ್ಣದಿದ್ರೆ ಹೆರಿಗೆ ಸಲೀಸು' ಅನ್ನುವವರೂ ಇದ್ದಾರೆ, ಅದಂತೂ ಶುದ್ಧ ಅವಿವೇಕ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ, ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಮಗು ಸೊರಗಿ ಸಣ್ಣದಾಗುತ್ತದೆ ಅಷ್ಟೇ. ಐದನೇ ತಿಂಗಳಲ್ಲಿ ಬಿಟ್ಟರೂ ಮಗುವಿನ ತೂಕಕ್ಕೆ ಲಾಭವಿದೆ.

ಮುಂದೆ, ಡಾಕ್ಟರ್ ಹತ್ತಿರ ನಿಜ ಹೇಳಿ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಬಾಯಿ ಬರುವುದಿಲ್ಲ, ಗೊತ್ತು. ಒಬ್ಬರೇ ಮಾತಾಡಬೇಕು ಅಂತ ಕೇಳಿ. ಚಟ ಬಿಡಿಸಲು ಸಿಗುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್, ಮಾತ್ರೆ ಯಾವುದನ್ನೂ ಮೆಡಿಕಲ್ ಶಾಪಿನಿಂದ ಸುಮ್ನೆ ತರಬೇಡಿ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಇನ್ನು ನಮ್ಮ ಹಳ್ಳಿಗಳಲ್ಲಿ ಸೇದುವ ಹೆಂಗಸರಿಗಿಂತ ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರೇ ಜಾಸ್ತಿ ಅಲ್ವಾ? ಹೊಗೆ ಇಲ್ಲ ಅಂತ ಸಮಾಧಾನ ಪಡಬೇಡಿ. ಅದರಲ್ಲೂ ನಿಕೋಟಿನ್ ಇದೆ, ಮಗು ಹಗುರಾಗುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಅದರಿಂದಲೂ ಉಂಟು. ಊಟ ಆದ ಕೂಡಲೇ ಬಾಯಿ ಚಡಪಡಿಸಿದರೆ ಸೋಂಪು ಜಗಿಯಿರಿ, ನೀರು ಕುಡಿಯಿರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಆ ಚಪಲ ಕೆಲವೇ ನಿಮಿಷದ್ದು.

ಗಂಡಸರಿಗೂ ಕೆಲಸ ಇದೆ. ಕಿಟಕಿ ತೆಗೆದು ಫ್ಯಾನ್ ಹಾಕಿ ಬೀಡಿ ಹಚ್ಚಿದರೆ ಸಾಲದು, ಹೊಗೆ ಕೋಣೆಯಲ್ಲೇ ಉಳಿಯುತ್ತದೆ. ಮನೆಯೊಳಗೆ, ಕಾರಿನಲ್ಲಿ ಯಾರೂ ಸೇದಬಾರದು, ಬಂದ ನೆಂಟರೂ ಅಷ್ಟೇ. ಅಪ್ಪನಾಗುವವನು ಜೊತೆಗೇ ಬಿಟ್ಟರೆ ಅವಳಿಗೆ ಬಿಡುವುದು ಎಷ್ಟೋ ಸುಲಭ.

ಗೊತ್ತಾಗುವ ಮೊದಲು ಸೇದಿಬಿಟ್ಟಿದ್ದರೆ ಕೊರಗಬೇಡಿ. 18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ, ತುಟಿಯ ಸೀಳು ಸಾಮಾನ್ಯವಾಗಿ ಅದರಲ್ಲಿ ಕಾಣುತ್ತದೆ, ಬರೀ ಅಂಗುಳದ್ದು ಎಷ್ಟೋ ಸಲ ಕಾಣುವುದಿಲ್ಲ. ಕಂಡರೂ ಆಪರೇಷನ್ ಇದೆ, ತುಟಿಗೆ ಸಾಮಾನ್ಯವಾಗಿ ಮಗು ಹುಟ್ಟಿದ ಮೂರರಿಂದ ಆರು ತಿಂಗಳಲ್ಲಿ ಮಾಡುತ್ತಾರೆ.